ಕಾಲು ತಾಗಿದರೆ ಎರಡು ನಿಮಿಷ

ನನ್ನ ಆಟದ ಬದುಕಿನಲ್ಲಿ ನನಗೆ ಬಿದ್ದ ಮೊದಲ ಪೆನಾಲ್ಟಿ ಸಭ್ಯತೆಗೆ. ಹೇಳಿದರೆ ಯಾರೂ ನಂಬುವುದಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಐಸ್ ಹಾಕಿಯಲ್ಲಿ ಬೇರೆ ಹುಡುಗಿಯರು ಪೆನಾಲ್ಟಿ ತಿನ್ನುವುದು ಅಡ್ಡಗಾಲು ಕೊಟ್ಟು, ಮೊಣಕೈ ಹಾಕಿ, ಕೋಲು ಬೀಸಿ. ನಾನು ತಿಂದದ್ದು ಎದುರಾಳಿಗೆ ಕಾಲು ತಾಗಿತೆಂದು ಅವಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡದ್ದಕ್ಕೆ.

ಅದು ಆಕ್ಲೆಂಡ್‌ನ ಪಶ್ಚಿಮ ಭಾಗದ ರಿಂಕ್. ಭಾನುವಾರ ಬೆಳಿಗ್ಗೆ ಆರು ಗಂಟೆಯ ಪಂದ್ಯ. ಹೆಂಗಸರಿಗೆ ಐಸ್ ಸಿಗುತ್ತಿದ್ದದ್ದೇ ಉಳಿದವರೆಲ್ಲ ಬೇಡವೆಂದ ಹೊತ್ತಿನಲ್ಲಿ. ಮೂಲೆಯಲ್ಲಿ ಪಕ್‌ಗಾಗಿ, ಅಂದರೆ ಆ ಕಪ್ಪು ರಬ್ಬರ್ ಬಿಲ್ಲೆಗಾಗಿ, ನಾನೂ ಎದುರು ತಂಡದ ಒಬ್ಬ ಉದ್ದನೆಯ ಹುಡುಗಿಯೂ ಗುದ್ದಾಡುತ್ತಿದ್ದೆವು. ನನ್ನ ಸ್ಕೇಟಿನ ಬೂಟು ಅವಳ ಮೊಣಕಾಲಿಗೆ ತಾಗಿತು. ನನ್ನ ಬಲಗೈ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೋಲು ಬಿಟ್ಟು, ಅವಳ ಮೊಣಕಾಲು ಮುಟ್ಟಿ, ನೇರ ನನ್ನ ಕಣ್ಣಿನ ಕಡೆ ಬಂತು. ಮುಖಕ್ಕೆ ಜಾಲರಿ ಇದ್ದದ್ದರಿಂದ ಢಣ್ ಎಂದು ಅಲ್ಲೇ ನಿಂತಿತು. ರೆಫರಿ ಸೀಟಿ ಊದಿದ. ಅವನಿಗೆ ಕಂಡದ್ದು ಇಷ್ಟೇ: ನೀಲಿ ಜೆರ್ಸಿಯವಳು ಎದುರಾಳಿಯನ್ನು ಹಿಡಿದಳು. ಆಡುವವರನ್ನು ಹಿಡಿದರೆ ಎರಡು ನಿಮಿಷ ಹೊರಗೆ ಕೂರಬೇಕು, ಆ ಹೊತ್ತೆಲ್ಲ ತಂಡ ಒಬ್ಬರು ಕಡಿಮೆಯಾಗಿ ಆಡಬೇಕು.

ಮುಗಿಸಿ ಬೆಂಚಿಗೆ ಬಂದಾಗ ನಮ್ಮ ಕೋಚ್ ಕೇಳಿದಳು. ಆಕೆ ಕೆನಡಾದಿಂದ ಬಂದು ಇಲ್ಲೇ ಮದುವೆಯಾಗಿ ನಿಂತವಳು, ಮಾತು ಕಡಿಮೆ, ಚೂಯಿಂಗ್ ಗಮ್ ಜಾಸ್ತಿ.

"ಅವಳಿಗೆ ಏನು ಮಾಡಿದೆ?"

"ಕ್ಷಮೆ ಕೇಳಿದೆ."

"ಪಂದ್ಯದ ಮಧ್ಯದಲ್ಲಿ?"

"ಕಾಲು ತಾಗಿತಲ್ಲ."

ಕೋಚ್ ಸ್ವಲ್ಪ ಹೊತ್ತು ಗಮ್ ಅಗಿದಳು. ಪಕ್ಕದವರೆಲ್ಲ ನಕ್ಕರು, ನಾನೂ ನಕ್ಕೆ. ಆಗ ಅದು ನಗುವ ವಿಷಯವೇ ಆಗಿತ್ತು.

ಈ ಅಭ್ಯಾಸವನ್ನು ಯಾರೋ ಕೂರಿಸಿ ಕಲಿಸಿದ ನೆನಪು ನನಗಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಎರಡು ಕೋಣೆ, ಏಳು ಜನ. ದಿನಕ್ಕೆ ಹತ್ತು ಸಲ ಯಾರಿಗೋ ಯಾರದೋ ಕಾಲು ತಾಗುತ್ತಿತ್ತು, ಹತ್ತು ಸಲ ಕೈ ಹೋಗಿ ಕಣ್ಣಿಗೆ ಬರುತ್ತಿತ್ತು. ಸಿಟಿ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಅಷ್ಟೇ, ಶಾಲೆಯ ಚೀಲಕ್ಕೂ ಅಷ್ಟೇ. ಉಸಿರಾಡುವುದನ್ನು ಯಾರು ಕಲಿಸುತ್ತಾರೆ?

ಸ್ಕೇಟಿಂಗ್ ಕಲಿತದ್ದೂ ಅಲ್ಲೇ. ನಾಲ್ಕು ಚಕ್ರದ ಸ್ಕೇಟು, ಸಿಮೆಂಟಿನ ಅಂಗಳ, ಮೊಣಕಾಲಿನ ತುಂಬ ಅಯೋಡಿನ್. ಅದರಲ್ಲಿ ಬ್ರೇಕು ಬೂಟಿನ ಮುಂದಿರುತ್ತದೆ; ಕಾಲಿನ ತುದಿ ಒತ್ತಿದರೆ ನಿಲ್ಲುತ್ತೇವೆ. ಎರಡು ಸಾವಿರದ ಹತ್ತರ ಸುಮಾರಿಗೆ ಎಂಜಿನಿಯರಿಂಗ್ ಓದಲು ಆಕ್ಲೆಂಡಿಗೆ ಬಂದೆ. ಮೌಂಟ್ ರಾಸ್ಕಿಲ್‌ನಲ್ಲಿ ನನ್ನ ಜೊತೆಗಿದ್ದ ಫ್ಲಾಟ್‌ಮೇಟ್‌ಗಳು ಒಂದು ದಿನ ಐಸ್ ರಿಂಕಿಗೆ ಕರೆದರು. "ನಂಗೆ ಬರುತ್ತೆ ಬಿಡ್ರೇ" ಎಂದು ಜಂಬದಿಂದ ನುಗ್ಗಿದೆ, ವೇಗ ಹಿಡಿದೆ, ನಿಲ್ಲಲು ತುದಿಗಾಲು ಒತ್ತಿದೆ. ಐಸ್ ಸ್ಕೇಟಿನಲ್ಲಿ ಅಲ್ಲಿ ಬ್ರೇಕು ಇರುವುದಿಲ್ಲ. ಗದ್ದಕ್ಕೆ ಬಿದ್ದ ಹೊಲಿಗೆಯ ಗುರುತು ಇವತ್ತಿಗೂ ಇದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಹಾಗನ್ನಲಿಲ್ಲ. ಮುಂದಿನ ವಾರ ಒಬ್ಬಳೇ ವಾಪಸು ಹೋದೆ, ಅದರ ಮುಂದಿನ ವಾರವೂ ಹೋದೆ. ವರ್ಷದೊಳಗೆ ಕ್ಲಬ್ಬಿನಲ್ಲಿ ಆಡುತ್ತಿದ್ದೆ, ಮೂರು ವರ್ಷದೊಳಗೆ ಆಕ್ಲೆಂಡ್ ಹೆಂಗಸರ ತಂಡದಲ್ಲಿ ರಕ್ಷಣೆಯ ಜಾಗ ನನ್ನದಾಗಿತ್ತು. ನನ್ನಷ್ಟೇ ಉದ್ದದ ಕಿಟ್ಟಿನ ಚೀಲವನ್ನು ಎಳೆದುಕೊಂಡು ಬಸ್ ಹತ್ತಿದಾಗ, ಒಳಗೆ ಯಾರ ಹೆಣವಮ್ಮ ಎಂದು ಕೇಳುತ್ತಿದ್ದ ಡ್ರೈವರೊಬ್ಬ ಕೊನೆಕೊನೆಗೆ ಪಂದ್ಯದ ಫಲಿತಾಂಶ ಕೇಳತೊಡಗಿದ.

ಆಟಗಾರ್ತಿ ಎಂದು ನನ್ನನ್ನು ನಾನು ಕರೆದುಕೊಳ್ಳಲು ಮಾತ್ರ ಧೈರ್ಯವಿರಲಿಲ್ಲ. ಈ ದೇಶದಲ್ಲಿ ಐಸ್ ಹಾಕಿ ಆಡುವ ಹೆಣ್ಣಿಗೆ ಅದು ಕಸುಬಾಗಬೇಕೆಂದರೆ ಒಂದೇ ದಾರಿ ಇತ್ತು: ಮೊದಲು ದೇಶದ ಕಪ್ಪು ಜೆರ್ಸಿ ತೊಡಬೇಕು, ಆಮೇಲೆ ಅದನ್ನು ನೋಡಿ ಹೊರದೇಶದ ಯಾವುದಾದರೂ ಕ್ಲಬ್ಬು ಕರೆಯಬೇಕು. ಅಷ್ಟರಲ್ಲಿ ನನಗೆ ಮೂವತ್ತಾಗಿತ್ತು. ಇಲ್ಲಿಯ ಪೌರತ್ವ ಸಿಕ್ಕಿ ಒಂದು ವರ್ಷವಾಗಿತ್ತು, ಅಂದರೆ ಆಯ್ಕೆಯ ಬಾಗಿಲು ಆಗಷ್ಟೇ ತೆರೆದಿತ್ತು. ಅದೇ ಚಳಿಗಾಲದಲ್ಲಿ ನಾನು ಕೆಲಸ ಮಾಡುತ್ತಿದ್ದ ಹಣ್ಣು ವಿಂಗಡಿಸುವ ಯಂತ್ರಗಳ ಕಂಪನಿ ನನಗೆ ಬಡ್ತಿ ಕೊಟ್ಟು ನೆಲ್ಸನ್‌ಗೆ ಹೋಗಲು ಹೇಳಿತು. ನೆಲ್ಸನ್‌ನಲ್ಲಿ ಬಂದರಿದೆ, ಸೇಬಿನ ತೋಟಗಳಿವೆ, ದೇಶದಲ್ಲೇ ಒಳ್ಳೆಯ ಬಿಸಿಲಿದೆ. ಐಸ್ ರಿಂಕ್ ಇಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ ಉತ್ತರ ಕೊಡಬೇಕಿತ್ತು. ಆಯ್ಕೆಯಾದರೆ ಇಲ್ಲೇ, ಇಲ್ಲದಿದ್ದರೆ ಸ್ಕೇಟು ಮಾರಿ ಸೇಬಿನ ಊರಿಗೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಆಯ್ಕೆ ಮಾಡುವವರು ಲೀಗಿನ ಫೈನಲ್ ನೋಡಲು ಬರುವವರಿದ್ದರು. ಅದಕ್ಕೆ ಮೂರು ವಾರ ಮುಂಚಿನ ಪಂದ್ಯದಲ್ಲಿ ನನ್ನ ಕೈ ಮತ್ತೆ ತನ್ನ ಬುದ್ಧಿ ತೋರಿಸಿತು. ಈ ಸಲ ಪೆನಾಲ್ಟಿ ಬೀಳಲಿಲ್ಲ, ಅದಕ್ಕಿಂತ ಕೆಟ್ಟದ್ದಾಯಿತು. ನಮ್ಮ ಗೋಲಿನ ಮುಂದೆ ಬಿದ್ದಿದ್ದ ಒಬ್ಬಳಿಗೆ ನನ್ನ ಕಾಲು ತಾಗಿತು, ನಾನು ಕೋಲಿನಿಂದ ಕೈ ತೆಗೆದು ಅವಳ ಭುಜ ಮುಟ್ಟಿದೆ, ಆ ಕ್ಷಣದಲ್ಲಿ ಪಕ್ ನನ್ನ ಕೋಲಿನ ಅಡಿಯಿಂದಲೇ ಹಾದು ನಮ್ಮ ಬಲೆಗೆ ಬಿತ್ತು. ಈ ಸಲ ಯಾರೂ ನಗಲಿಲ್ಲ.

ಕೋಚ್ ನನ್ನನ್ನು ಪಕ್ಕಕ್ಕೆ ಕರೆದಳು. "ನಿನ್ನಷ್ಟು ಚೆನ್ನಾಗಿ ಹಿಂದಕ್ಕೆ ಸ್ಕೇಟ್ ಮಾಡುವವರು ಈ ದೇಶದಲ್ಲಿ ನಾಲ್ಕೈದು ಜನ ಇರಬಹುದು. ಆದರೆ ಫೈನಲ್ಲಿನಲ್ಲಿ ಆ ಕೈ ಕೋಲು ಬಿಟ್ಟರೆ ನಿನ್ನನ್ನು ಬೆಂಚಿನಲ್ಲಿ ಕೂರಿಸುತ್ತೇನೆ. ಸಿಟ್ಟಿನಿಂದ ಹೇಳುತ್ತಿಲ್ಲ" ಎಂದಳು. ಸಿಟ್ಟು ಬಂದದ್ದು ನನಗೆ, ಅದೂ ನನ್ನದೇ ಕೈಯ ಮೇಲೆ.

ಆಗ ನಾನಿದ್ದದ್ದು ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿ, ಮೈಸೂರಿನ ದಂಪತಿಯ ಮನೆಯ ಕೆಳಗಿನ ಕೋಣೆಯಲ್ಲಿ. ಆಂಟಿ ಇಲ್ಲಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿ ನಿವೃತ್ತರಾದವರು. ಅಂಕಲ್ ಎಂಜಿನಿಯರು, ಅವರಿಗೊಂದು ಹಳೆಯ ಯೂಟ್ ಗಾಡಿ ಇತ್ತು, ಅದರ ಹಿಂದಿನ ತೆರೆದ ಜಾಗದಲ್ಲಿ ವಾರವಿಡೀ ಗೊಬ್ಬರದ ಮೂಟೆ, ಭಾನುವಾರ ನನ್ನ ಕಿಟ್ಟು. ಆ ಭಾನುವಾರ ಮುಖ ಊದಿಸಿಕೊಂಡು ಬಂದವಳನ್ನು ಆಂಟಿ ಅಡುಗೆಮನೆಯಲ್ಲಿ ಕೂರಿಸಿ ಉಪ್ಪಿಟ್ಟು ಹಾಕಿ ಎಲ್ಲ ಬಾಯಿ ಬಿಡಿಸಿದರು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ ಆಂಟಿ. ನಂದು ಅಷ್ಟೇ" ಅಂದೆ.

"ಸುಡೋದ್ ಯಾಕೆ? ಪ್ರಾಕ್ಟೀಸ್ ಮಾಡು. ಹಾಡ್ತಾ ಹಾಡ್ತಾ ರಾಗ. ನಾನು ಮ್ಯಾಥ್ಸ್ ಟೀಚರ್ ಕಣೇ, ರಿಪೀಟ್ ಮಾಡಿದ್ರೆ ಬರ್ದೇ ಇರೋದು ಯಾವ್ದೂ ನೋಡಿಲ್ಲ ನಾನು."

"ಯಾರನ್ನ ಒದ್ದು ಪ್ರಾಕ್ಟೀಸ್ ಮಾಡ್ಲಿ?"

ಆಂಟಿ ಒಂದು ಕುರ್ಚಿ ಎಳೆದು ಅಡುಗೆಮನೆಯ ನಡುವೆ ಹಾಕಿಕೊಂಡು ಕೂತರು. ಸೀರೆಯ ನೆರಿಗೆ ಸರಿಮಾಡಿಕೊಂಡರು.

"ನನ್ನ."

ತಮಾಷೆ ಎಂದುಕೊಂಡೆ. ಅವರು ಮಾಪ್ ಕೋಲು ತೋರಿಸಿ, ಅದನ್ನು ಹಾಕಿಯ ಕೋಲಿನ ಹಾಗೆ ಎರಡು ಕೈಯಲ್ಲಿ ಹಿಡಿದು ಬಾ ಎಂದರು. ಹಿಡಿದು ನಿಂತೆ. ನನ್ನ ತಾಯಿಗಿಂತ ಹಿರಿಯರು, ಜ್ವರ ಬಂದಾಗ ನನ್ನ ತಲೆಗೆ ತಣ್ಣೀರು ಪಟ್ಟಿ ಹಾಕಿದವರು. ಅವರಿಗೆ ಕಾಲು ತಾಗಿಸಬೇಕು, ತಾಗಿಸಿ ಸುಮ್ಮನಿರಬೇಕು. ನನ್ನ ಕಾಲು ಏಳಲಿಲ್ಲ. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

"ಪಾಪ ಬರುತ್ತೆ ಆಂಟಿ."

"ಬಂದ್ರೆ ನಂಗಿರ್ಲಿ. ಕೆಲ್ಸ ಹಂಚ್ಕೊಳೋಣ. ಕಾಲ್ ತಾಗ್ಸೋದು ನಿನ್ ಕೆಲ್ಸ, ಕಣ್ಣಿಗೊತ್ಕೊಳೋದು ನನ್ ಕೆಲ್ಸ. ನಿನ್ ಕೈ ಮಾತ್ರ ಕೋಲ್ ಬಿಡ್ಬಾರ್ದು. ಹ್ಞೂಂ, ಒದಿ."

ಒದ್ದೆ ಎನ್ನುವುದು ದೊಡ್ಡ ಮಾತು. ಕಾಲುಚೀಲದ ತುದಿ ಅವರ ಪಾದಕ್ಕೆ ತಗುಲಿತು ಅಷ್ಟೇ. ಮರುಕ್ಷಣ ನನ್ನ ಬಲಗೈ ಹಾರಿತು, ಮಾಪ್ ಕೋಲು ಜಾರಿ ದೋಸೆಹಿಟ್ಟಿನ ಪಾತ್ರೆಯ ಮೇಲೆ ಬಿತ್ತು. ಪೇಪರ್ ಓದುತ್ತಿದ್ದ ಅಂಕಲ್ ತಲೆ ಎತ್ತದೆ, "ನಾಳೆ ದೋಸೆ ಕ್ಯಾನ್ಸಲ್ಲಾ?" ಎಂದು ಕೇಳಿದರು.

ಅವತ್ತು ಆಂಟಿ ತಮ್ಮ ಮಾತಿನಂತೆಯೇ ನಡೆದುಕೊಂಡರು. ನಾನು ತಾಗಿಸಿದಾಗಲೆಲ್ಲ ತಮ್ಮ ಮಂಡಿಯನ್ನು ತಾವೇ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎರಡನೆಯ ದಿನ ಅದು ಅವರಿಗೂ ಬೇಸರವಾಗಿ, ತಟ್ಟೆ ಇಟ್ಟುಕೊಂಡು ಬಟಾಣಿ ಸುಲಿಯತೊಡಗಿದರು. ನಾನು ಕೆಲಸದಿಂದ ಬಂದ ಕೂಡಲೇ ಕೈಕಾಲು ತೊಳೆದು ಅಡುಗೆಮನೆಗೆ ಹೋಗಿ ಐವತ್ತು ಸಲ ಒದೆಯಬೇಕು, ಆಮೇಲೆ ಕಾಫಿ. ಮೊದಲ ವಾರ ಐವತ್ತರಲ್ಲಿ ನಲವತ್ತು ಸಲ ಕೈ ಹಾರುತ್ತಿತ್ತು. ಆಂಟಿ ಬಟಾಣಿಯಿಂದ ಕಣ್ಣೆತ್ತದೆ "ಹೋಯ್ತು, ಮತ್ತೆ" ಎನ್ನುತ್ತಿದ್ದರು. ಇಲ್ಲಿ ಹುಟ್ಟಿದ ನೂರಾರು ಮಕ್ಕಳಿಗೆ ಬೀಜಗಣಿತ ಬರಿಸಿದ ದನಿ ಅದು.

ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳದೆ ಇರಲಾಗಲಿಲ್ಲ. ದಿನಾ ಆಂಟಿಯನ್ನು ಒದೆಯುತ್ತಿದ್ದೇನೆ, ಅವರೇ ಹೇಳಿದ್ದು ಎಂದೆ. ಅಮ್ಮ ಒಲೆ ಆರಿಸಿ ಬಂದರು. ಆಮೇಲೆ, "ಅವ್ರಿಗೆ ಮಂಡಿ ನೋವು ಅಂತಿದ್ಯಲ್ಲ, ಎಡಗಾಲಿಗೆ ಬೇಡ" ಎಂದರು.

ಎರಡನೆಯ ವಾರ ಅಂಕಲ್ ಕೂಡ ಕುರ್ಚಿ ಹಾಕಿಕೊಂಡು ಕೂತರು. ಒಂದೇ ಎದುರಾಳಿ ಅಭ್ಯಾಸವಾದರೆ ಪ್ರಯೋಜನವಿಲ್ಲ ಎಂಬುದು ಅವರ ಎಂಜಿನಿಯರಿಂಗ್ ಅಭಿಪ್ರಾಯ. ನಾನು ಇಬ್ಬರ ನಡುವೆ ಮಾಪ್ ಹಿಡಿದು ಓಡಾಡುತ್ತ ಎಡಕ್ಕೊಂದು ಬಲಕ್ಕೊಂದು ತಾಗಿಸುತ್ತಿದ್ದೆ. ಒಂದು ದಿನ ಆಂಟಿ ಇನ್ನೂ ಕಠಿಣವಾಗಲಿ ಎಂದು ತಮ್ಮ ಹಳೆಯ ಗಣಿತದ ಪುಸ್ತಕ ತಂದು ನೆಲದ ಮೇಲಿಟ್ಟರು. ಅದನ್ನು ಮಾತ್ರ ನಾನು ಒಪ್ಪಲಿಲ್ಲ. ಹಾಕಿಯಲ್ಲಿ ಪುಸ್ತಕ ಇರುವುದಿಲ್ಲ, ನಾನು ಮುಟ್ಟುವುದಿಲ್ಲ ಎಂದು ಜಗಳಕ್ಕೇ ನಿಂತೆ. ಆಂಟಿ ಸೋತು ಪುಸ್ತಕ ಎತ್ತಿ, ಧೂಳು ಒರೆಸಿ, ತಾವೇ ಕಣ್ಣಿಗೊತ್ತಿಕೊಂಡು ಒಳಗಿಟ್ಟರು.

ಮೂರನೆಯ ವಾರದ ಗುರುವಾರ ಐವತ್ತಕ್ಕೆ ಐವತ್ತೂ ಕೈ ಕೋಲಿನ ಮೇಲೇ ಇತ್ತು. ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಆದರೆ ಕೋಣೆಗೆ ಹೋಗಿ ಕೂತಾಗ ಯಾರದೋ ವಸ್ತು ಕದ್ದು ತಂದವಳ ಹಾಗೆ ಕಸಿವಿಸಿಯಾಯಿತು. ಆ ಕೈ ಏಳು ಜನರ ಮನೆಯಿಂದ ನಾನು ತಂದದ್ದು. ಅದನ್ನು ಕಳೆದುಕೊಂಡು ಜೆರ್ಸಿ ಪಡೆಯಬೇಕೇ ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ನೆಲ್ಸನ್‌ನ ಬಿಸಿಲು ನೆನಪಾಗಿ ಎದ್ದು ಸ್ಕೇಟು ಸಾಣೆಗೆ ಕೊಡಲು ಹೋದೆ.

ಫೈನಲ್ ದಕ್ಷಿಣದ ತಂಡದ ವಿರುದ್ಧ. ಅವರದು ಚಳಿಗಾಲದಲ್ಲಿ ಕೊಳಗಳು ಹೆಪ್ಪುಗಟ್ಟುವ ಸೀಮೆ. ನಡೆಯುವ ಮೊದಲೇ ಜಾರುವುದನ್ನು ಕಲಿತ ಹುಡುಗಿಯರು. ಮಧ್ಯಾಹ್ನದ ಪಂದ್ಯ, ಹೊರಗೆ ಆಕ್ಲೆಂಡಿನ ಜಿಟಿಜಿಟಿ ಮಳೆ. ಆಂಟಿ ಅಂಕಲ್ ಇಬ್ಬರೂ ಬಂದಿದ್ದರು. ಆಂಟಿ ಸೀರೆಯ ಮೇಲೆ ಅಂಕಲ್ ಅವರ ಕೋಟು, ಅದರ ಮೇಲೆ ಕೆಂಪು ಶಾಲು, ಕಾಲಿಗೆ ಎರಡೆರಡು ಜೊತೆ ಕಾಲುಚೀಲ. ದೂರ ಕೂತರೆ ಬಿಲ್ಲೆ ಕಾಣುವುದಿಲ್ಲವೆಂದು ಗಾಜಿನ ಗೋಡೆಗೆ ಅಂಟಿಕೊಂಡಂತಿದ್ದ ಮೂಲೆಯ ಸೀಟು ಹಿಡಿದಿದ್ದರು. ಪಂದ್ಯ ಶುರುವಾಗುವ ಮೊದಲೇ ಆ ಸಾಲಿನಲ್ಲಿದ್ದ ಸ್ಥಳೀಯರಿಗೆಲ್ಲ ಕೋಡುಬಳೆ ಹಂಚಿಯಾಗಿತ್ತು. ಅವರ ಹಿಂದಿನ ಸಾಲಿನಲ್ಲಿ ಹಾಳೆ ಹಿಡಿದು ಕೂತಿದ್ದ ಮೂವರು ಆಯ್ಕೆಗಾರರೂ ಕೋಡುಬಳೆ ಕಡಿಯುತ್ತಿದ್ದದ್ದು ನನಗೆ ಐಸ್ ಮೇಲಿನಿಂದಲೇ ಕಂಡಿತು.

ಅವತ್ತು ನಾನು ಚೆನ್ನಾಗಿ ಆಡಿದೆ. ಸಂಕೋಚವಿಲ್ಲದೆ ಹೇಳುತ್ತೇನೆ, ಅವತ್ತು ನಾನು ಬಹಳ ಚೆನ್ನಾಗಿ ಆಡಿದೆ. ಎದುರಾಳಿಗಳು ಬಂದ ದಾರಿಯನ್ನೆಲ್ಲ ಮುಚ್ಚಿದೆ. ಕಾಲುಗಳು ಎರಡು ಸಲ ಯಾರಿಗೋ ತಾಗಿದವು, ಕೈ ಅಲುಗಲಿಲ್ಲ. ಆದರೂ ಕೊನೆಯ ನಾಲ್ಕು ನಿಮಿಷ ಉಳಿದಾಗ ಎರಡು-ಎರಡು ಸಮ ಇತ್ತು.

ಆಗ ಪಕ್ ಆಂಟಿ ಕೂತಿದ್ದ ಮೂಲೆಗೆ ಬಂತು. ಅದು ಎದುರು ತಂಡದ ಗೋಲಿನ ಪಕ್ಕದ ಮೂಲೆ. ರಕ್ಷಣೆಯವಳು ಅಷ್ಟು ಮುಂದೆ ಹೋಗಬಾರದು, ಆದರೆ ನನಗೆ ಅದು ಸಿಗುತ್ತದೆ ಅನ್ನಿಸಿತು, ಹೋದೆ. ಅವರ ತಂಡದಲ್ಲೇ ಗಟ್ಟಿಗಿತ್ತಿಯಾದ, ಜಡೆ ಹೆಣೆದುಕೊಂಡಿದ್ದ ಹುಡುಗಿಯೂ ಅಲ್ಲಿಗೇ ಬಂದಳು. ಇಬ್ಬರೂ ಗೋಡೆಗೆ ಬಡಿದೆವು, ಅವಳು ಜಾರಿ ಕುಕ್ಕರಿಸಿದಳು, ನನ್ನ ಬೂಟಿನ ಪಕ್ಕ ಅವಳ ತೊಡೆಗೆ ಧಡ್ ಎಂದು ಬಡಿಯಿತು. ಅದು ಅಡುಗೆಮನೆಯ ಕಾಲುಚೀಲದ ತುದಿಯಲ್ಲ, ನಿಜವಾದ ಒದೆ. ನನ್ನ ಬಲ ಅಂಗೈ ಗ್ಲೌಸಿನೊಳಗೆ ಉರಿದುಹೋಯಿತು. ಆ ಕೈಗೆ ಅವಳ ತೊಡೆ ಮುಟ್ಟಲು ಹೋಗಬೇಕಿತ್ತು, ಅದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಕೋಲನ್ನು ಇನ್ನೂ ಗಟ್ಟಿಯಾಗಿ ಹಿಡಿದೆ.

ಪಕ್ ನನ್ನ ಕಾಲ ಬಳಿಯೇ ಇತ್ತು. ಎಳೆದುಕೊಂಡು ಹೊರಬಂದು ನಮ್ಮ ಮಧ್ಯದವಳಿಗೆ ತಳ್ಳಿದೆ, ನಾನು ಹಿಂದಕ್ಕೆ, ರಕ್ಷಣೆಯವಳು ನಿಲ್ಲುವ ನೀಲಿ ಗೆರೆಯ ಕಡೆಗೆ ಜಾರಿದೆ. ಅವಳ ಸುತ್ತ ಮೂವರು ಮುತ್ತಿಕೊಂಡರು, ಅವಳು ನನಗೇ ವಾಪಸು ಕೊಟ್ಟಳು. ಎದುರಿಗೆ ಕಾಲುಗಳ ಕಾಡು, ಅದರ ನಡುವೆ ಅಂಗೈಯಗಲ ಬಿಳಿ ದಾರಿ. ಹೊಡೆದೆ. ಪಕ್ ಹೋದದ್ದು ನನಗೆ ಕಾಣಲಿಲ್ಲ, ಗೋಲಿನ ಹಿಂದೆ ಕೆಂಪು ದೀಪ ಹತ್ತಿದ್ದು ಕಂಡಿತು.

ಆಮೇಲಿನ ನಿಮಿಷಗಳು ಕಳೆದದ್ದು ಹೇಗೋ ಗೊತ್ತಿಲ್ಲ. ಪಂದ್ಯ ಮುಗಿದ ಗಂಟೆ ಬಾರಿಸಿದಾಗ ಇಡೀ ತಂಡ ನನ್ನ ಮೇಲೆ ಬಿತ್ತು. ಅಡಿಯಲ್ಲಿ ಸಿಕ್ಕಿಕೊಂಡು ನಾನು ಕನ್ನಡದಲ್ಲೇ ಏನೇನೋ ಕೂಗುತ್ತಿದ್ದೆನಂತೆ. ಇಂಥ ಸಂತೋಷ ನನಗೆ ಹಿಂದೆ ಆಗಿರಲಿಲ್ಲ. ನೆಲ್ಸನ್ ನೆನಪೂ ಆಗಲಿಲ್ಲ.

ಪಂದ್ಯದ ಕೊನೆಗೆ ಎರಡೂ ತಂಡ ಸಾಲಾಗಿ ಬಂದು ಕೈ ಕುಲುಕುವುದು ಈ ಆಟದ ಪದ್ಧತಿ. ಜಡೆಯ ಹುಡುಗಿ ಎದುರಿಗೆ ಬಂದಾಗ ನಾನು ಅವಳ ಕೈ ಬಿಡದೆ, "ಕಾಲು ತಾಗಿತು, ಕ್ಷಮಿಸು" ಎಂದೆ. "ಯಾವ ಕಾಲು?" ಎಂದು ಕೇಳಿದಳು. ಅವಳಿಗೆ ನೆನಪೇ ಇರಲಿಲ್ಲ. ಗೋಲ್ ಚೆನ್ನಾಗಿತ್ತು ಎಂದು ನನ್ನ ಹೆಲ್ಮೆಟ್ಟಿನ ಮೇಲೆ ತಟ್ಟಿ ಮುಂದೆ ಹೋದಳು. ನನಗೆ ಸಮಾಧಾನವಾಗಲಿಲ್ಲ.

ನಾಲ್ಕು ದಿನದ ಮೇಲೆ ಆಯ್ಕೆಯ ಪತ್ರ ಬಂತು. ನೆಲ್ಸನ್‌ಗೆ ಬರುವುದಿಲ್ಲ ಎಂದು ಕಂಪನಿಗೆ ಎರಡು ಸಾಲು ಬರೆದೆ. ಕಪ್ಪು ಜೆರ್ಸಿ ತೊಟ್ಟು ಹೊರದೇಶಗಳಲ್ಲಿ ಆಡಿದೆ, ಅದನ್ನು ನೋಡಿದ ಯುರೋಪಿನ ಒಂದು ಸಣ್ಣ ಊರಿನ ಕ್ಲಬ್ಬು ನನ್ನನ್ನು ಕರೆಯಿತು. ಎರಡು ಚಳಿಗಾಲ ಅಲ್ಲಿ ಸಂಬಳಕ್ಕೆ ಆಡಿದೆ. ವಿಮಾನದಲ್ಲಿ ತುಂಬುವ ಕಾರ್ಡಿನಲ್ಲಿ ಉದ್ಯೋಗ ಎಂಬಲ್ಲಿ ಐಸ್ ಹಾಕಿ ಆಟಗಾರ್ತಿ ಎಂದು ಬರೆಯುವಾಗ ಪ್ರತಿ ಸಲವೂ ಅಕ್ಷರ ದಪ್ಪಗಾಗುತ್ತಿತ್ತು. ಬರೆದು ಪಕ್ಕದ ಸೀಟಿನವರಿಗೆ ಕಾಣುವಂತೆ ಇಡುತ್ತಿದ್ದೆ.

ಆದರೆ ಆ ಫೈನಲ್ ನನಗೆ ನಿಜವಾಗಿ ಮುಗಿದದ್ದು ಒಂದು ವಾರದ ಮೇಲೆ, ಕ್ಲಬ್ಬಿನ ಕೋಣೆಯಲ್ಲಿ. ಆಟಗಾರ್ತಿಯೊಬ್ಬಳ ಗಂಡ ಎದುರು ಬದಿಯಿಂದ ಪಂದ್ಯವನ್ನೆಲ್ಲ ಚಿತ್ರೀಕರಿಸಿದ್ದ. ಕೋಚ್ ಅದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ನಮ್ಮನ್ನೆಲ್ಲ ಸುತ್ತ ಕೂರಿಸಿದಳು. ನಾನು ಜಡೆಯ ಹುಡುಗಿಗೆ ಬಡಿದ ಜಾಗ ಬಂದಾಗ ನಿಧಾನ ಮಾಡಿ, "ಇವಳ ಬಲಗೈ ನೋಡಿ. ಕೋಲಿನ ಮೇಲೇ ಇದೆ" ಎಂದು ಬೆರಳಿಟ್ಟು ತೋರಿಸಿದಳು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಲ್ಲರೂ ನನ್ನ ಕೈ ನೋಡಿ ಚಪ್ಪಾಳೆ ಹೊಡೆದರು.

ನಾನು ನೋಡಿದ್ದು ನಮ್ಮಿಬ್ಬರ ಹಿಂದಿನ ಗಾಜನ್ನು. ಗಾಜಿನಾಚೆ ಕೆಂಪು ಶಾಲು ಹೊದ್ದ ಆಂಟಿ, ಸುತ್ತಲಿನವರೆಲ್ಲ ಎದ್ದು ನಿಂತು ಕೂಗುತ್ತಿದ್ದಾಗ, ನೋಯುವ ಮಂಡಿ ಮಡಚಿ ಬಗ್ಗಿದರು. ಆ ಹುಡುಗಿ ಬಿದ್ದಿದ್ದ ಜಾಗದಲ್ಲಿ, ಅವಳ ತೊಡೆಯ ಎತ್ತರಕ್ಕೆ, ಗಾಜಿನ ಮೇಲೆ ಬಲಗೈ ಇಟ್ಟರು. ಎತ್ತಿ ಒಂದು ಕಣ್ಣಿಗೆ ಒತ್ತಿಕೊಂಡರು, ಇನ್ನೊಂದಕ್ಕೆ ಒತ್ತಿಕೊಂಡರು.

"ಆ ಹೆಂಗಸು ಏನು ಮಾಡುತ್ತಿದ್ದಾಳೆ?" ಎಂದು ಪಕ್ಕದಲ್ಲಿದ್ದವಳು ಕೇಳಿದಳು.

"ಅವರ ಪಾಲಿನ ಕೆಲಸ" ಎಂದೆ.

ಕೋಚ್ ಗೋಲಿನವರೆಗೂ ಓಡಿಸಿ ನಿಲ್ಲಿಸಿದಳು. ಇನ್ನೊಮ್ಮೆ ಹಾಕು ಎಂದು ಕೇಳಿದೆ. ಎಲ್ಲರೂ, ಗೋಲ್ ಹೊಡೆದವಳಿಗೆ ತನ್ನ ಗೋಲನ್ನು ಎಷ್ಟು ನೋಡಿದರೂ ಸಾಲದು ಎಂದು ನನ್ನನ್ನು ಗೇಲಿ ಮಾಡಿದರು. ಮಾಡಲಿ ಎಂದು ಬಿಟ್ಟೆ. ಈ ಸಲ ಗೋಲಿಗಿಂತ ಮೊದಲೇ ನಿಲ್ಲಿಸು ಎಂದು ಕೋಚ್‌ಗೆ ಹೇಳಿದೆ.